ಮಿದುಳಿನ ಧಮನಿಯ ಹೆಪ್ಪು ಮತ್ತು ಅದನ್ನು ತೆಗೆಯುವ ಉಪಕರಣಗಳು: ಒಂದು ಚಾರಿತ್ರಿಕ ವಿವೇಚನೆ

ಕನ್ನಡದಲ್ಲಿ ಪಾರ್ಶ್ವವಾಯುವೆಂದೂ ಲಕ್ವವೆಂದೂ ಕರೆಯುವ ವ್ಯಾಧಿ ಒಂದೇ. ಮೊದಲನೆಯ ಹೆಸರು ಸಂಸ್ಕೃತದಿಂದ, ಎರಡನೆಯದು ಅರಬ್ಬಿಯಿಂದ ಬಂದುದು. ವಾತವು ಕೆರಳಿ ದೇಹದ ಒಂದು ಪಾರ್ಶ್ವವನ್ನು ನಿಶ್ಚೇಷ್ಟಗೊಳಿಸುತ್ತದೆಂಬ ಪ್ರಾಚೀನ ಕಲ್ಪನೆ ಆ ಮೊದಲ ಹೆಸರಿನಲ್ಲಿ ಇಂದಿಗೂ ಉಳಿದಿದೆ. ೧೬೫೮ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯನು ಮೃತರ ಮಿದುಳನ್ನು ಪರೀಕ್ಷಿಸಿ, ಈ ರೋಗದ ಮೂಲವನ್ನು ಅಲ್ಲಿನ ರಕ್ತಸಂಚಾರದ ಕೆಡುಕಿನಲ್ಲಿ ಹುಡುಕಬೇಕೆಂದು ತೋರಿಸಿದನು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಷೋ, ಒಂದೆಡೆ ಹುಟ್ಟಿದ ರಕ್ತದ ಹೆಪ್ಪು ಪ್ರವಾಹದೊಡನೆ ಸಾಗಿ ಇನ್ನೊಂದೆಡೆ ಧಮನಿಯನ್ನು ಮುಚ್ಚಬಲ್ಲುದೆಂಬುದನ್ನು ಸ್ಥಾಪಿಸಿದನು. ಪಾರ್ಶ್ವವಾಯುವಿನಲ್ಲಿ ಕೆಲವು ರಕ್ತಸ್ರಾವದಿಂದ ಉಂಟಾಗುವುವಾದರೂ, ಬಹುಪಾಲು ಹೀಗೆ ಧಮನಿ ಮುಚ್ಚುವುದರಿಂದಲೇ ಸಂಭವಿಸತಕ್ಕವು. ಕಾರಣವೇನೋ ತಿಳಿಯಿತು, ಆ ಹೆಪ್ಪನ್ನು ಹೊರತೆಗೆಯುವ ಮಾರ್ಗ ಸಿದ್ಧವಾಗಲು ಮತ್ತೆ ಸುಮಾರು ನೂರೈವತ್ತು ವರ್ಷಗಳು ಹಿಡಿದುವು.

ಈ ನಡುವೆ ಎರಡು ಹೆಜ್ಜೆಗಳು ಮುಖ್ಯವಾದುವು. ೧೯೨೭ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮಿದುಳಿನ ಧಮನಿಗಳನ್ನು ಕ್ಷ-ಕಿರಣದ ಚಿತ್ರದಲ್ಲಿ ಕಾಣುವಂತೆ ಮಾಡಿದನು. ೧೯೬೩ರಲ್ಲಿ ಅಮೆರಿಕೆಯ ಥಾಮಸ್ ಫೊಗಾರ್ಟಿ, ತುದಿಯಲ್ಲಿ ಪುಟ್ಟ ಬಲೂನನ್ನುಳ್ಳ ನಳಿಕೆಯೊಂದನ್ನು ಪ್ರಕಟಪಡಿಸಿದನು. ಅದರ ಮೊದಲ ಮಾದರಿಯ ಬಲೂನು ಶಸ್ತ್ರವೈದ್ಯರ ಕೈಗವಸಿನ ಬೆರಳಿನಿಂದ ಕತ್ತರಿಸಿದ ತುಂಡು! ಕಾಲಿನ ಧಮನಿಯಲ್ಲಿ ಹೆಪ್ಪಿನಾಚೆಗೆ ನಳಿಕೆಯನ್ನು ತೂರಿಸಿ, ಬಲೂನನ್ನು ಉಬ್ಬಿಸಿ, ಹೆಪ್ಪನ್ನು ಹಿಂದಕ್ಕೆ ಎಳೆಯುವುದು ಅವನ ವಿಧಾನ. ಆದರೆ ಮಿದುಳಿನ ಧಮನಿಗಳು ಸಣ್ಣವು, ಅಂಕುಡೊಂಕಾದುವು. ಕಾಲಿಗೆ ಸಂದ ಉಪಾಯ ತಲೆಗೆ ನೇರವಾಗಿ ಸಲ್ಲಲಿಲ್ಲ. ೧೯೯೫ರಲ್ಲಿ ಹೆಪ್ಪನ್ನು ಕರಗಿಸುವ ಔಷಧವು ಮೂರು ಗಂಟೆಯೊಳಗೆ ಕೊಟ್ಟರೆ ಗುಣಕಾರಿಯೆಂದು ಸಿದ್ಧವಾಯಿತು. ದೊಡ್ಡ ಧಮನಿಯಲ್ಲಿ ಸಿಕ್ಕಿಕೊಂಡ ದೊಡ್ಡ ಹೆಪ್ಪು ಮಾತ್ರ ಅನೇಕ ವೇಳೆ ಆ ಔಷಧಕ್ಕೂ ಜಗ್ಗಲಿಲ್ಲ. ಯಂತ್ರೋಪಾಯದ ಅವಶ್ಯಕತೆ ಒದಗಿದುದು ಇಲ್ಲಿಯೇ.

೨೦೦೪ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ 'ಮೆರ್ಸಿ' ಎಂಬ ಉಪಕರಣ ಈ ಸಾಲಿನಲ್ಲಿ ಮೊದಲನೆಯದು. ನಿಕಲ್ ಮತ್ತು ಟೈಟೇನಿಯಂ ಬೆರೆತ ಲೋಹದ ತಂತಿ ಅದು. ತೊಡೆಯ ಸಂದಿನ ಧಮನಿಯಿಂದ ಒಳಹೊಕ್ಕು ಮಿದುಳನ್ನು ಸೇರಿ, ಸೀಸೆಯ ಬಿರಡೆಯನ್ನು ಕೀಳುವ ತಿರುಪಿನಂತೆ ಸುರುಳಿಯಾಗಿ ಹೆಪ್ಪನ್ನು ಹಿಡಿಯುತ್ತಿತ್ತು. ಅದನ್ನು ಪ್ರಯೋಗಿಸಿದ ೧೪೧ ರೋಗಿಗಳಲ್ಲಿ ಶೇಕಡಾ ೪೮ ಮಂದಿಯ ಧಮನಿ ತೆರೆಯಿತೆಂದು ೨೦೦೫ರಲ್ಲಿ ವರದಿಯಾಯಿತು.

ಅನಂತರ ಬಂದ 'ಪೆನಂಬ್ರ' ಎಳೆಯುವುದರ ಬದಲು ಹೀರುವ ತತ್ತ್ವವನ್ನು ಅವಲಂಬಿಸಿತು. ೨೦೦೯ರ ವರದಿಯಂತೆ ೧೨೫ ರೋಗಿಗಳಲ್ಲಿ ಶೇಕಡಾ ೮೧.೬ ಮಂದಿಯ ಧಮನಿ ತೆರೆಯಿತು. ಆದರೆ ಮೂರು ತಿಂಗಳ ತರುವಾಯ ಪರಾವಲಂಬನೆಯಿಲ್ಲದೆ ಬದುಕಬಲ್ಲವರಾಗಿದ್ದವರು ಶೇಕಡಾ ೨೫ ಮಾತ್ರ. ಈ ಎರಡು ಅಂಕಿಗಳ ನಡುವಣ ಅಂತರದಲ್ಲಿಯೇ ಮುಂದಿನ ಚರಿತ್ರೆಯ ಬೀಜವೆಲ್ಲ ಅಡಗಿದೆ. ಧಮನಿ ತೆರೆಯುವುದು ಬೇರೆ, ಮನುಷ್ಯ ಏಳುವುದು ಬೇರೆ. ನೀರು ಹರಿಯುವ ಮೊದಲೇ ಪೈರು ಒಣಗಿದ್ದರೆ ಕಾಲುವೆಯ ಹೂಳು ತೆಗೆದುದರಿಂದ ಫಲವೇನು?

ಮೂರನೆಯ ಬಗೆಯ ಉಪಕರಣ ಅನಿರೀಕ್ಷಿತವಾಗಿ ಒದಗಿತು. ಉಬ್ಬಿದ ಧಮನಿಗಳ ಚಿಕಿತ್ಸೆಗೆಂದು ರಚಿತವಾಗಿದ್ದ 'ಸಾಲಿಟೇರ್' ಎಂಬ ತಂತಿಯ ಬಲೆಯನ್ನು ೨೦೦೮ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹೆಪ್ಪು ತೆಗೆಯಲು ಬಳಸಿದರು. ಬಲೆಯು ಹೆಪ್ಪಿನೊಳಗೆ ಅರಳಿ, ಅದನ್ನು ತನ್ನ ಕಣ್ಣುಗಳಲ್ಲಿ ಸಿಕ್ಕಿಸಿಕೊಂಡು ಹಿಂದಕ್ಕೆ ಬರುತ್ತದೆ. ಮೆರ್ಸಿಯೊಡನೆ ನೇರವಾಗಿ ಹೋಲಿಸಿದ ಪರೀಕ್ಷೆ ೨೦೧೨ರಲ್ಲಿ ಪ್ರಕಟವಾಯಿತು: ಅಪಾಯಕರ ರಕ್ತಸ್ರಾವವಿಲ್ಲದೆ ಧಮನಿ ತೆರೆದುದು ಸಾಲಿಟೇರಿನಿಂದ ಶೇಕಡಾ ೬೧, ಮೆರ್ಸಿಯಿಂದ ಶೇಕಡಾ ೨೪. ಅದೇ ವರ್ಷ 'ಟ್ರೆವೊ' ಎಂಬ ಇನ್ನೊಂದು ಬಲೆಯೂ ಮೆರ್ಸಿಯನ್ನು ಹಿಂದೆ ಹಾಕಿತು. ತಿರುಪಿನ ಕಾಲ ಅಲ್ಲಿಗೆ ಮುಗಿಯಿತು.

ಆದರೂ ೨೦೧೩ರಲ್ಲಿ ಈ ಚಿಕಿತ್ಸೆಯೇ ಮುಳುಗುವಂತೆ ತೋರಿತು. ಆ ವರ್ಷ ಒಟ್ಟಿಗೆ ಪ್ರಕಟವಾದ ಮೂರು ದೊಡ್ಡ ಪರೀಕ್ಷೆಗಳಲ್ಲಿ ಒಂದರಲ್ಲಿಯೂ ನಳಿಕೆಯ ಚಿಕಿತ್ಸೆ ಮೇಲೆನಿಸಲಿಲ್ಲ. ಅವುಗಳಲ್ಲೊಂದಾದ 'ಐ.ಎಂ.ಎಸ್. ೩' ಎಂಬುದರಲ್ಲಿ ಸ್ವಾವಲಂಬಿಗಳಾದವರು ನಳಿಕೆಯ ಪಕ್ಷದಲ್ಲಿ ಶೇಕಡಾ ೪೦.೮, ಬರಿಯ ಔಷಧದ ಪಕ್ಷದಲ್ಲಿ ಶೇಕಡಾ ೩೮.೭. ಪ್ರಯೋಜನವಿಲ್ಲವೆಂದು ಅದನ್ನು ನಡುವಿನಲ್ಲಿಯೇ ನಿಲ್ಲಿಸಲಾಯಿತು. ಕೈಬಿಡಬೇಕೆನ್ನುವವರ ವಾದಕ್ಕೆ ಬಲ ಬಂದುದು ಸಹಜ. ಆದರೆ ಪರೀಕ್ಷೆಗೆ ಗುರಿಯಾದುದು ಯಾವುದು? ಬಳಸಿದ ಉಪಕರಣಗಳಲ್ಲಿ ಹೆಚ್ಚಿನವು ಹಳೆಯವು. ದೊಡ್ಡ ಧಮನಿ ನಿಜವಾಗಿ ಮುಚ್ಚಿದೆಯೆ ಎಂಬುದನ್ನು ಚಿತ್ರದಿಂದ ಖಚಿತಪಡಿಸಿಕೊಳ್ಳದೆ ಅನೇಕರನ್ನು ಸೇರಿಸಿಕೊಂಡಿದ್ದರು; ಚಿಕಿತ್ಸೆಯ ಆರಂಭವೂ ತಡವಾಗುತ್ತಿತ್ತು. ಸೋತದ್ದು ತತ್ತ್ವವಲ್ಲ, ಅದರ ಅನುಷ್ಠಾನ.

ಇದನ್ನು ನೆದರ್ಲೆಂಡ್ಸಿನ ವೈದ್ಯರು ತೋರಿಸಿಕೊಟ್ಟರು. ಧಮನಿ ಮುಚ್ಚಿರುವುದು ಚಿತ್ರದಲ್ಲಿ ಖಚಿತವಾದ ೫೦೦ ಮಂದಿಯನ್ನೇ ಆರಿಸಿ, ಬಹುಪಾಲು ಬಲೆಯನ್ನೇ ಬಳಸಿ ಅವರು ನಡೆಸಿದ ಪರೀಕ್ಷೆಯ ಫಲ ೨೦೧೫ರ ಆರಂಭದಲ್ಲಿ ಹೊರಬಂದಿತು: ಸ್ವಾವಲಂಬಿಗಳಾದವರು ಶೇಕಡಾ ೩೨.೬, ಎದುರು ಪಕ್ಷದಲ್ಲಿ ಶೇಕಡಾ ೧೯.೧. ಅದೇ ವರ್ಷ ಇನ್ನೂ ನಾಲ್ಕು ಪರೀಕ್ಷೆಗಳು ಇದನ್ನೇ ಸಮರ್ಥಿಸಿದುವು. ಐದರ ೧೨೮೭ ರೋಗಿಗಳನ್ನೂ ಒಟ್ಟುಗೂಡಿಸಿ ೨೦೧೬ರಲ್ಲಿ ಲೆಕ್ಕಹಾಕಿದಾಗ ಈ ಪ್ರಮಾಣ ಶೇಕಡಾ ೪೬ಕ್ಕೆ ೨೬.೫ ಎಂದಾಯಿತು. ಎರಡು ವರ್ಷಗಳ ಹಿಂದೆ ತಳ್ಳಿಹಾಕಬಹುದಾಗಿದ್ದ ಚಿಕಿತ್ಸೆ ಇದು!

ಗೆಲುವಿನ ಅನಂತರ ಬಲೆಯೋ ಹೀರುನಳಿಕೆಯೋ ಎಂಬ ಸ್ಪರ್ಧೆ ಮತ್ತೆ ತಲೆಯೆತ್ತಿತು. ಹೀರುನಳಿಕೆಗಳೂ ಅಷ್ಟರಲ್ಲಿ ಅಗಲವಾಗಿ, ಮೆತ್ತಗಾಗಿ ಸುಧಾರಿಸಿದ್ದುವು. ೨೦೧೭ರಲ್ಲಿ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ ಧಮನಿ ತೆರೆದುದು ಹೀರುವಿಕೆಯಿಂದ ಶೇಕಡಾ ೮೫.೪, ಬಲೆಯಿಂದ ಶೇಕಡಾ ೮೩.೧. ೨೦೧೯ರಲ್ಲಿ ಅಮೆರಿಕೆಯಲ್ಲಿ ಸ್ವಾವಲಂಬನೆಯನ್ನೇ ಅಳೆದಾಗ ಕಂಡ ಪ್ರಮಾಣ ಶೇಕಡಾ ೫೨ ಮತ್ತು ೫೦. ಎರಡನ್ನೂ ಕೂಡಿಸಿ ಬಳಸಿದರೆ ಮೇಲೋ ಎಂದು ೨೦೨೧ರಲ್ಲಿ ನೋಡಿದಾಗಲೂ ನಿರ್ಣಾಯಕವಾದ ಅಂತರ ಕಾಣಲಿಲ್ಲ. ಹೆಪ್ಪಿನ ಸ್ಥಾನ, ಗಡಸುತನ, ವೈದ್ಯನ ಕೈವಾಡಿಕೆ ಇವುಗಳಿಗೆ ತಕ್ಕಂತೆ ಒಂದು ಹೆಚ್ಚು ಒಗ್ಗೀತು, ಇನ್ನೊಂದು ಕಡಮೆ, ಅಷ್ಟೆ.

ಹಾಗಾದರೆ ಫಲವನ್ನು ನಿರ್ಣಯಿಸುವುದು ಯಾವುದು? ಧಮನಿ ಮುಚ್ಚಿರುವ ಪ್ರತಿ ನಿಮಿಷವೂ ಮಿದುಳಿನ ಸುಮಾರು ೧೯ ಲಕ್ಷ ನರಕೋಶಗಳು ನಾಶವಾಗುವುವೆಂದು ೨೦೦೬ರಲ್ಲಿ ಅಂದಾಜು ಮಾಡಲಾಯಿತು. ಇನ್ನೂ ಬದುಕಿರುವ ಮಿದುಳಿನ ಭಾಗವನ್ನು ಚಿತ್ರದಿಂದ ಗುರುತಿಸಿದರೆ ಕೆಲವರಿಗೆ ೨೪ ಗಂಟೆಯವರೆಗೂ ನೆರವಾಗಬಹುದೆಂದು ೨೦೧೮ರಲ್ಲಿ ಸಿದ್ಧವಾದುದು ನಿಜ. ಅದು ಆಯ್ದ ಕೆಲವರ ಭಾಗ್ಯ; ತಡಮಾಡಲು ಕೊಟ್ಟ ಅಪ್ಪಣೆಯಲ್ಲ.

ಉಪಕರಣಗಳ ಚರಿತ್ರೆ ಕಡೆಗೆ ಬಂದು ನಿಲ್ಲುವುದು ಮನೆಯ ಬಾಗಿಲಿನಲ್ಲಿ. ಬಾಯಿ ಸೊಟ್ಟಗಾದುದನ್ನೋ ಕೈ ಸೋತುದನ್ನೋ ಮಾತು ತೊದಲಿದುದನ್ನೋ ಕಂಡವರು, ಬೆಳಗಾಗಲಿ ನೋಡೋಣವೆಂದರೆ ತಿರುಪೂ ಬಲೆಯೂ ನಳಿಕೆಯೂ ಸಮಾನವಾಗಿ ವ್ಯರ್ಥ. ಮಕ್ಕಳು ದೂರದ ನಗರಗಳಲ್ಲಿದ್ದು, ಹೆತ್ತವರು ಊರಿನಲ್ಲಿ ಒಂಟಿಯಾಗಿರುವ ಮನೆಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವುಂಟು. ಇಂಥ ಚಿಕಿತ್ಸೆ ದೊರೆಯುವ ಅತಿ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿಯಲ್ಲಿ ಅಲ್ಲಿಗೆ ಕರೆದೊಯ್ಯುವವರು ಯಾರು ಎಂಬುದು ಅಲ್ಲಿ ಮೊದಲೇ ಗೊತ್ತಿರತಕ್ಕದ್ದು.