ಆಶ್ರಯದಿಂದ ಸ್ವಾವಲಂಬನೆಗೆ: ಗದಗಿನ ಪುಣ್ಯಾಶ್ರಮದ ಚರಿತ್ರೆಯಿಂದ ಒಂದು ವಿಚಾರ

ನಿರಾಶ್ರಿತ ಬಾಲಕನಿಗೆ ಅನ್ನವನ್ನೂ ನೆರಳನ್ನೂ ನೀಡುವುದು ಧರ್ಮಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಾಲಕನು ಪ್ರಾಯಕ್ಕೆ ಬಂದು ಆಶ್ರಯದ ಹೊಸ್ತಿಲನ್ನು ದಾಟುವಾಗ ಅವನ ಕೈಯಲ್ಲಿ ಏನಿರಬೇಕೆಂಬ ಪ್ರಶ್ನೆಯೂ ಅಷ್ಟೇ ಗುರುತರವಾದುದು. ತಂದೆತಾಯಿಯರುಳ್ಳವನು ಎಡವಿದರೆ ಮರಳಿ ಹೋಗಲು ಮನೆಯುಂಟು, ಅನಾಥನಿಗೆ ಅದಿಲ್ಲ. ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ದೊರೆತ ಒಂದು ಉತ್ತರ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನವರು ಜನ್ಮಾಂಧರು. ಅವರ ಸೋದರ ಗುರುಬಸವಯ್ಯನವರೂ ಅಂಧರೇ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳವರು ಈ ಬಾಲಕರಿಗೆ ಆಶ್ರಯವಿತ್ತರು. ಅಂಧರೆಂದು ಮರುಗಿ ಊಟವಿಕ್ಕಿ ಸುಮ್ಮನಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪೂಜ್ಯರು ಹಾಗೆ ಮಾಡಲಿಲ್ಲ. ಬಾಲಕನ ಕಂಠದಲ್ಲಿದ್ದ ಶಕ್ತಿಯನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪ್ರಾವೀಣ್ಯ ಪಡೆದ ಗದಿಗೆಯ್ಯನವರೇ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು.

ತಾವು ಪಡೆದುದನ್ನು ಗವಾಯಿಗಳು ತಮ್ಮಂತಹ ಮಕ್ಕಳಿಗೆ ಹಂಚಿದರು. ಮೊದಲಿಗೆ ಅವರ ಪಾಠಶಾಲೆಗೆ ನಿಂತ ನೆಲೆಯಿರಲಿಲ್ಲ. ಅಂಧರು, ಅನಾಥರು, ಬಡವರು ಆದ ಶಿಷ್ಯರನ್ನು ಕರೆದುಕೊಂಡು ಊರೂರು ಸಂಚರಿಸಿ, ಭಕ್ತರ ದಾಸೋಹದಿಂದ ಅವರನ್ನು ಪೋಷಿಸಿದರು. ಮುಂದೆ ದಾನಿಗಳ ನೆರವಿನಿಂದ ಗದಗಿನಲ್ಲಿ ಪುಣ್ಯಾಶ್ರಮವು ನೆಲೆಗೊಂಡಿತು. ಶಿಷ್ಯರ ಪೋಷಣೆಗಾಗಿ ನಾಟಕಮಂಡಳಿಯನ್ನೂ ನಡೆಸಲಾಯಿತು. ಇದನ್ನು ಕೇವಲ ಧನಾರ್ಜನೆಯ ಉಪಾಯವೆಂದು ಎಣಿಸಲಾಗದು. ರಂಗದ ಮೇಲೆ ಹಾಡುವವನು, ಬದಿಯಲ್ಲಿ ಹಾರ್ಮೋನಿಯಂ ತಬಲಾ ನುಡಿಸುವವನು ಗುರುವಿನ ನೆರಳಿನಲ್ಲಿರುವಾಗಲೇ ಲೋಕವನ್ನು ಎದುರಿಸಲು ಕಲಿಯುತ್ತಿದ್ದನು.

ಹನ್ನೆರಡು ಹದಿಮೂರರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡ ಬಸವರಾಜ ರಾಜಗುರು ಈ ಗುರುಕುಲದಲ್ಲಿ ಬೆಳೆದವರು. 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಅವರು ಹಾಡಿದಾಗ ತಬಲಾ ಸಾಥಿ ನೀಡಿದವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯನನ್ನು ಮುಂದೆ ಕೂರಿಸಿ ಗುರುವು ಪಕ್ಕದಲ್ಲಿ ಕುಳಿತುದು ಅರ್ಥಪೂರ್ಣವಾದುದು. ಶೈಶವದಲ್ಲಿಯೇ ದೃಷ್ಟಿಯನ್ನೂ ತಂದೆತಾಯಿಯರನ್ನೂ ಕಳೆದುಕೊಂಡ ದೇವಗಿರಿಯ ಪುಟ್ಟರಾಜ ಗವಾಯಿಗಳು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅದನ್ನು ನಡೆಸಿದರು. ಆಶ್ರಿತನೇ ಆಶ್ರಯದಾತನಾದನು. ಎಲ್ಲರೂ ಇಂತಹ ಕೀರ್ತಿಗೆ ಪಾತ್ರರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಸಂಗೀತಶಿಕ್ಷಕರಾಗಿ, ಕೀರ್ತನಕಾರರಾಗಿ, ಸಾಥಿದಾರರಾಗಿ ತಮ್ಮ ಅನ್ನವನ್ನು ತಾವೇ ಸಂಪಾದಿಸಿದವರ ಬದುಕೂ ಸಾರ್ಥಕವೇ.

ಇಲ್ಲಿ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮಗುವಿನ ಶಕ್ತಿಗೆ ತಕ್ಕ ಕಾಯಕವನ್ನು ಎಳವೆಯಲ್ಲಿಯೇ ಗುರುತಿಸಿದುದು ಒಂದು. ಆಶ್ರಯದಲ್ಲಿರುವಾಗಲೇ ಅದನ್ನು ಲೋಕದ ಮುಂದೆ ಪರೀಕ್ಷಿಸಿದುದು ಎರಡು. ಹೊರಟವನೊಡನೆ ಗುರುಶಿಷ್ಯ ಸಂಬಂಧವನ್ನು ಕಡಿದುಕೊಳ್ಳದಿದ್ದುದು ಮೂರು. ಶರಣರ ದೃಷ್ಟಿಯಲ್ಲಿ ಕಾಯಕವೂ ದಾಸೋಹವೂ ಒಂದನ್ನೊಂದು ಬಿಟ್ಟಿರಲಾರವು. ದಾಸೋಹದ ಅನ್ನವುಂಡವನನ್ನು ಕಾಯಕಕ್ಕೆ ಅಣಿಗೊಳಿಸದಿದ್ದರೆ ಆ ದಾಸೋಹವು ಅಪೂರ್ಣವೆನ್ನಬೇಕು.

ಇಂದು ಸರಕಾರವೂ ಈ ಅಗತ್ಯವನ್ನು ಒಪ್ಪಿದೆ. 2015ರ ಬಾಲನ್ಯಾಯ ಕಾಯಿದೆಯು, 18 ವರ್ಷ ತುಂಬಿ ಪಾಲನಾಸಂಸ್ಥೆಯಿಂದ ಹೊರಬಂದವರಿಗೆ 21 ವರ್ಷದವರೆಗೆ ಹಣದಿಂದಲೋ ಇತರ ರೀತಿಯಿಂದಲೋ ನೆರವಾಗುವ ಅನುಪಾಲನೆಗೆ ಅವಕಾಶ ಕಲ್ಪಿಸಿದೆ. ಇದು ಸ್ವಾಗತಾರ್ಹ. ಆದರೆ ಕಾಯಿದೆ ವಯಸ್ಸನ್ನು ಎಣಿಸಬಲ್ಲುದೇ ಹೊರತು, ಸಿದ್ಧತೆಯನ್ನು ಅಳೆಯಲಾರದು. ಪುಣ್ಯಾಶ್ರಮದಲ್ಲಿ ಶಿಷ್ಯನ ಬಿಡುಗಡೆಯನ್ನು ನಿರ್ಧರಿಸಿದುದು ಪಂಚಾಂಗವಲ್ಲ, ವಿದ್ಯೆ. ಮಕ್ಕಳನ್ನು ಸಲಹುವ ಮಠಗಳೂ ಸಂಸ್ಥೆಗಳೂ ಎಷ್ಟು ಮಂದಿಗೆ ಉಣಬಡಿಸಿದೆವೆಂಬ ಲೆಕ್ಕದ ಜೊತೆಗೆ, ಹೊರಟವರಲ್ಲಿ ಎಷ್ಟು ಮಂದಿ ತಮ್ಮ ಕಾಲ ಮೇಲೆ ನಿಂತರೆಂಬ ಲೆಕ್ಕವನ್ನೂ ಇಡುವುದು ಉಚಿತ.