ಆಲೂಗಡ್ಡೆ: ಐರ್ಲೆಂಡಿನ ಅನ್ನ, ಐರ್ಲೆಂಡಿನ ಅಳಲು

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆಯ ಆಲೂಗಡ್ಡೆ ಐರ್ಲೆಂಡಿಗೆ ಬಂದುದು 16ನೇ ಶತಮಾನದ ಕೊನೆಯ ವೇಳೆಗೆ. ಸರ್ ವಾಲ್ಟರ್ ರಾಲೆ ಅದನ್ನು ತಂದನೆಂಬುದು ಪ್ರಚಲಿತ ಕಥೆಯಾದರೂ ಅದಕ್ಕೆ ಖಚಿತ ಆಧಾರವಿಲ್ಲ. ಅಲ್ಲಿಯ ತಂಪು ಹವೆ ಮತ್ತು ತೇವದ ಮಣ್ಣು ಬೆಳೆಗೆ ಒಗ್ಗಿದವು. ಎರಡು ಶತಮಾನಗಳೊಳಗೆ ಅದು ಬಡವರ ನಿತ್ಯದ ಅನ್ನವೇ ಆಯಿತು.

ಇದಕ್ಕೆ ಭೂಹಿಡುವಳಿಯ ವ್ಯವಸ್ಥೆಯೂ ಕಾರಣ. ಭೂಮಿಯ ಬಹುಭಾಗ ಜಮೀನ್ದಾರರ ಒಡೆತನದಲ್ಲಿತ್ತು. ಗೇಣಿದಾರರು ಬೆಳೆದ ಧಾನ್ಯ, ಸಾಕಿದ ಹಂದಿ ಗೇಣಿ ತೀರಿಸಲು ಮಾರಾಟವಾಗುತ್ತಿದ್ದವು. ಉಳಿದ ತುಂಡುನೆಲದಲ್ಲಿ ಇಡೀ ಕುಟುಂಬವನ್ನು ಸಲಹಬಲ್ಲ ಬೆಳೆ ಆಲೂಗಡ್ಡೆಯೊಂದೇ. ದುಡಿಯುವ ಗಂಡಸು ದಿನಕ್ಕೆ 5-6 ಕಿಲೋ ತಿನ್ನುತ್ತಿದ್ದನೆಂದು ಇತಿಹಾಸಕಾರರ ಅಂದಾಜು. ಜೊತೆಗೆ ಮಜ್ಜಿಗೆಯಿದ್ದರೆ ದೇಹಕ್ಕೆ ಬೇಕಾದ ಪೋಷಕಾಂಶಗಳು ಬಹುಮಟ್ಟಿಗೆ ದೊರೆಯುತ್ತಿದ್ದವು.

ಬಡವರು ಹೆಚ್ಚಾಗಿ ನೆಚ್ಚಿದ್ದುದು 'ಲಂಪರ್' ಎಂಬ ಒಂದೇ ತಳಿಯನ್ನು. ಗೆಡ್ಡೆಯ ತುಂಡನ್ನೇ ನೆಡುವುದರಿಂದ ಆ ತಳಿಯ ಗಿಡಗಳೆಲ್ಲವೂ ಒಂದರ ಪಡಿಯಚ್ಚು. ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು. 1845ರಲ್ಲಿ ಆದದ್ದು ಅದೇ. ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಎಂಬ ಸೂಕ್ಷ್ಮಜೀವಿಯಿಂದ ಬರುವ, ಹಾಸನದ ಬೆಳೆಗಾರರಿಗೆ 'ಅಂಗಮಾರಿ'ಯೆಂದು ಪರಿಚಿತವಾದ ರೋಗ ಹೊಲಗಳನ್ನು ಕೊಳೆಯಿಸಿತು.

1852ರವರೆಗೆ ಮುಂದುವರಿದ 'ಮಹಾಕ್ಷಾಮ'ದಲ್ಲಿ ಸುಮಾರು 10 ಲಕ್ಷ ಜನ ಹಸಿವು ಹಾಗೂ ಸಾಂಕ್ರಾಮಿಕ ಜ್ವರಗಳಿಗೆ ಬಲಿಯಾದರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಮಂದಿ ದೇಶ ತೊರೆದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಕುಸಿಯಿತು. ಇಡೀ ದ್ವೀಪವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಹಳೆಯ ಸಂಖ್ಯೆಯನ್ನು ಇಂದಿಗೂ ಮುಟ್ಟಿಲ್ಲ. ರೋಗ ತಗುಲಿದ್ದು ಆಲೂಗಡ್ಡೆಗೆ ಮಾತ್ರ. ಆ ವರ್ಷಗಳಲ್ಲಿಯೂ ಧಾನ್ಯ, ಬೆಣ್ಣೆ, ಜಾನುವಾರುಗಳು ಐರಿಷ್ ಬಂದರುಗಳಿಂದ ಬ್ರಿಟನ್ನಿಗೆ ರಫ್ತಾಗುತ್ತಲೇ ಇದ್ದವು. ಆದುದರಿಂದಲೇ ಈ ದುರಂತದ ಹೊಣೆಯನ್ನು ಬ್ರಿಟಿಷ್ ಆಡಳಿತದ ನೀತಿಯ ಮೇಲೂ ಹೊರಿಸಲಾಗುತ್ತದೆ. ಡಬ್ಲಿನ್‌ನ ಲಿಫಿ ನದಿಯ ದಂಡೆಯಲ್ಲಿ 1997ರಲ್ಲಿ ಸ್ಥಾಪಿತವಾದ ಸ್ಮಾರಕದಲ್ಲಿ, ಎಲುಬುಗೂಡಿನಂತಹ ಕಂಚಿನ ಮನುಷ್ಯರು ಹಡಗುಕಟ್ಟೆಯತ್ತ ನಡೆಯುತ್ತಿರುವುದನ್ನು ಕಾಣಬಹುದು.

ಇಷ್ಟಾದರೂ ಐರಿಷ್ ಅಡುಗೆಮನೆ ಆಲೂಗಡ್ಡೆಯನ್ನು ತೊರೆಯಲಿಲ್ಲ. ಬೇಯಿಸಿ ಮಸೆದ ಗೆಡ್ಡೆಗೆ ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ ಬೆರೆಸಿದರೆ 'ಚಾಂಪ್'. ಹಸಿ ಆಲೂಗಡ್ಡೆಯ ತುರಿಯನ್ನು ಬೆಂದದ್ದರೊಡನೆ ಕಲಸಿ ಕಾವಲಿಯ ಮೇಲೆ ಸುಟ್ಟರೆ 'ಬಾಕ್ಸ್ಟಿ'. ಎಲೆಕೋಸು ಸೇರಿಸಿದ 'ಕಾಲ್‌ಕ್ಯಾನನ್' ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಯ ವಿಶೇಷ. ಅದರೊಳಗೆ ಉಂಗುರವೊಂದನ್ನು ಅಡಗಿಸಿಡುವ ರೂಢಿಯಿದ್ದು, ಅದು ಯಾರ ಪಾಲಿಗೆ ಬರುವುದೋ ಅವರಿಗೆ ಬೇಗನೆ ಕಂಕಣಭಾಗ್ಯ ಕೂಡಿಬರುವುದೆಂಬುದು ನಂಬಿಕೆ.