ಬಿ. ಡಿ. ಜತ್ತಿ: ಬಾಗಲಕೋಟೆ ಸೀಮೆಯ ನಾಯಕ ದೇಶದ ರಾಜಕೀಯದಲ್ಲಿ ಬಿಟ್ಟುಹೋದ ಗುರುತು

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿ ಅಮೀನಗಡ ಎಂಬ ಊರಿದೆ. ಕರಾವಳಿಯ ನಮಗೆ ಆ ಹೆಸರಿನ ಪರಿಚಯವಿದ್ದರೆ ಅದು ಹೆಚ್ಚಾಗಿ ಕರದಂಟಿನಿಂದ. ಐಹೊಳೆ ಮತ್ತು ಕೂಡಲಸಂಗಮಕ್ಕೆ ಪ್ರವಾಸ ಹೋದವರು ಆ ಊರನ್ನು ದಾಟಿ ಹೋಗಿರಲೂಬಹುದು. ಇಂದಿನ ಬಾಗಲಕೋಟೆ ಜಿಲ್ಲೆಯ ಈ ಸೀಮೆ ಮೈಸೂರು ರಾಜ್ಯಕ್ಕೆ ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿತು. ಮೊದಲನೆಯವರು ಜಮಖಂಡಿಯ ಬಸಪ್ಪ ದಾನಪ್ಪ ಜತ್ತಿ. ಎರಡನೆಯವರು ಅಮೀನಗಡವೂ ಸೇರಿದ್ದ ಹುನಗುಂದ ಸೀಮೆಯನ್ನು ಶಾಸನಸಭೆಯಲ್ಲಿ ಪ್ರತಿನಿಧಿಸಿದ ಎಸ್. ಆರ್. ಕಂಠಿ.

ಇವರಲ್ಲಿ ಜತ್ತಿಯವರು ಮುಂದೆ ಉಪರಾಷ್ಟ್ರಪತಿಯಾದರು. 1977ರಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಹಂಗಾಮಿ ರಾಷ್ಟ್ರಪತಿಯಾಗಿ ದೇಶದ ಅತ್ಯುನ್ನತ ಸ್ಥಾನದ ಹೊಣೆ ಹೊತ್ತರು. ಇಂದು ಅವರ ಹೆಸರು ಸಭೆ ಸಮಾರಂಭಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಆದರೆ ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕಿನ ಹಿಂದೆ ಅವರು ಆರಂಭಿಸಿದ ಒಂದು ಕೆಲಸವಿದೆ. ರಾಜ್ಯ ಸರಕಾರವೊಂದನ್ನು ಮನಬಂದಂತೆ ವಜಾಗೊಳಿಸುವುದು ಇಂದು ಸುಲಭವಲ್ಲ ಎಂಬುದರ ಹಿಂದೆ ಅವರು ಎದುರಿಸಿದ ಒಂದು ಕಠಿಣ ದಿನವಿದೆ. ಆದ್ದರಿಂದ ಅವರ ಬಗ್ಗೆ ತಿಳಿದುಕೊಳ್ಳುವುದು ಸೂಕ್ತ.

ಬಾಲ್ಯ ಮತ್ತು ಸಾರ್ವಜನಿಕ ಜೀವನದ ಆರಂಭ

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಬಳಿಯ ಸಾವಳಗಿಯಲ್ಲಿ ಜನಿಸಿದರು. ಆಗ ಜಮಖಂಡಿ ಪಟವರ್ಧನ್ ಮನೆತನದ ಆಡಳಿತದಲ್ಲಿದ್ದ ಸಣ್ಣ ಸಂಸ್ಥಾನ. ಅಮೀನಗಡ, ಹುನಗುಂದಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಇಂದು ಒಂದೇ ಜಿಲ್ಲೆಯಲ್ಲಿರುವ ಊರುಗಳಿಗೆ ಅಂದು ಬೇರೆ ಬೇರೆ ಸರಕಾರಗಳಿದ್ದವು.

ಕೊಲ್ಹಾಪುರದಲ್ಲಿ ಪದವಿ ಹಾಗೂ ಕಾನೂನು ಶಿಕ್ಷಣ ಮುಗಿಸಿದ ಜತ್ತಿಯವರು ಜಮಖಂಡಿಯಲ್ಲಿ ವಕೀಲಿ ವೃತ್ತಿ ಕೈಗೊಂಡರು. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ನಂತರ ಸಂಸ್ಥಾನದ ಸಚಿವರಾಗಿ, ಮುಖ್ಯಮಂತ್ರಿಯಾಗಿ ಕೆಲಸ ಮಾಡಿದರು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, ಆಮೇಲೆ ಅವರು ಮುಂಬಯಿ ಶಾಸನಸಭೆಯನ್ನು ಸೇರಿದರು. 1952ರ ಚುನಾವಣೆಯ ಬಳಿಕ ಅಲ್ಲಿನ ಸರಕಾರದಲ್ಲಿ ಉಪಮಂತ್ರಿಯಾದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡ ಪ್ರದೇಶಗಳು ಒಂದಾದಾಗ ಮೈಸೂರು ಶಾಸನಸಭೆಗೆ ಬಂದರು. ಪುರಸಭೆಯ ಮೆಟ್ಟಿಲಿನಿಂದ ಹತ್ತುತ್ತಾ ಬಂದ ಈ ಅನುಭವ ಅವರ ಮುಂದಿನ ಕೆಲಸಗಳಲ್ಲಿ ಕಾಣುತ್ತದೆ.

ಗೇಣಿದಾರರ ಪ್ರಶ್ನೆ ಮತ್ತು ಜತ್ತಿ ಸಮಿತಿ

ಏಕೀಕರಣವಾದಾಗ ಹೊಸ ರಾಜ್ಯದಲ್ಲಿ ಐದು ಆಡಳಿತಗಳಿಂದ ಬಂದ ಭಾಗಗಳಿದ್ದವು: ಹಳೆ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡ ಮುಂತಾದ ಪ್ರದೇಶಗಳು ಹಾಗೂ ಕೊಡಗು. ಒಂದೊಂದು ಕಡೆ ಒಂದೊಂದು ಭೂಕಾನೂನು. ಇವನ್ನೆಲ್ಲ ಪರಿಶೀಲಿಸಿ ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ಸೂಚಿಸಲು 1957ರಲ್ಲಿ ಒಂದು ಸಮಿತಿಯನ್ನು ನೇಮಿಸಲಾಯಿತು. ಅದರ ಅಧ್ಯಕ್ಷರು ಬಿ. ಡಿ. ಜತ್ತಿ. ಅದು ‘ಜತ್ತಿ ಸಮಿತಿ’ ಎಂದೇ ಹೆಸರಾಯಿತು.

1958ರ ಮೇ ತಿಂಗಳಲ್ಲಿ ಜತ್ತಿಯವರೇ ಮುಖ್ಯಮಂತ್ರಿಯಾದರು. ಸಮಿತಿಯ ವರದಿಯನ್ನು ಆಧರಿಸಿದ ಮೈಸೂರು ಭೂಸುಧಾರಣಾ ಕಾಯಿದೆ 1961ರಲ್ಲಿ ಸಿದ್ಧವಾಯಿತು. ಗೇಣಿದಾರನನ್ನು ಸುಮ್ಮಸುಮ್ಮನೆ ಒಕ್ಕಲೆಬ್ಬಿಸಬಾರದು, ಗೇಣಿಗೆ ಮಿತಿಯಿರಬೇಕು, ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿಗೂ ಮಿತಿಯಿರಬೇಕು ಎಂಬ ತತ್ವಗಳು ಅದರಲ್ಲಿ ಬಂದವು.

ಆದರೆ ಈ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅಷ್ಟರಲ್ಲಿ ಜತ್ತಿಯವರು ಅಧಿಕಾರದಿಂದ ಇಳಿದು ಮೂರು ವರ್ಷವಾಗಿತ್ತು. ಸ್ವಂತ ಸಾಗುವಳಿಗೆ ಬೇಕೆಂದು ಧನಿಗಳು ಜಮೀನನ್ನು ಹಿಂಪಡೆಯಲು ಕಾಯಿದೆಯಲ್ಲಿ ಅವಕಾಶವಿತ್ತು. ಆದ್ದರಿಂದ ಗೇಣಿದಾರರಿಗೆ ಅದರಿಂದ ನಿರೀಕ್ಷಿಸಿದಷ್ಟು ಪ್ರಯೋಜನವಾಗಲಿಲ್ಲ. ಇದನ್ನು ಮರೆಮಾಚುವ ಅಗತ್ಯವಿಲ್ಲ.

ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಿದವರು ಡಿ. ದೇವರಾಜ ಅರಸು. ಅವರ ಸರಕಾರ ಅದೇ 1961ರ ಕಾಯಿದೆಗೆ ತಂದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿ ಜಮೀನುಗಳು ಸರಕಾರದ ವಶಕ್ಕೆ ಬಂದು, ಭೂನ್ಯಾಯ ಮಂಡಳಿಗಳ ಮೂಲಕ ಉಳುವವರಿಗೆ ಹಕ್ಕು ದೊರೆಯತೊಡಗಿತು. ಗೇಣಿ ಪದ್ಧತಿ ಬಲವಾಗಿದ್ದ ನಮ್ಮ ಕರಾವಳಿಯಲ್ಲಿ ಇದರ ಪರಿಣಾಮ ಬಹಳ ದೊಡ್ಡದು. ‘ಡಿಕ್ಲರೇಶನ್’ ಕೊಟ್ಟ ದಿನಗಳನ್ನು, ನಮೂನೆ 7ನ್ನು ಹಿಡಿದು ತಾಲೂಕು ಕಚೇರಿಗೆ ಅಲೆದದ್ದನ್ನು ನೆನಪಿಸಿಕೊಳ್ಳುವ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಒಕ್ಕಲಾಗಿದ್ದ ಎಷ್ಟೋ ಕ್ರೈಸ್ತ ಕುಟುಂಬಗಳು ಜಮೀನಿನ ಒಡೆಯರಾದವು. ಗೇಣಿಯನ್ನೇ ನಂಬಿದ್ದ ಕೆಲವು ಕುಟುಂಬಗಳು ಆಧಾರ ಕಳೆದುಕೊಂಡು ಕಷ್ಟವನ್ನೂ ಅನುಭವಿಸಿದವು. ಎರಡೂ ಬಗೆಯವರು ಒಂದೇ ಇಗರ್ಜಿಯಲ್ಲಿ ಅಕ್ಕಪಕ್ಕದಲ್ಲಿ ಮೊಣಕಾಲೂರಿದವರು.

ಇದೇ ಕಾಲದಲ್ಲಿ ಧರ್ಮಸಭೆಯೂ ಈ ವಿಷಯದಲ್ಲಿ ಮಾತನಾಡಿತ್ತು. ಭೂಮಿಯ ಸಂಪತ್ತನ್ನು ದೇವರು ಎಲ್ಲ ಮನುಷ್ಯರಿಗಾಗಿ ಕೊಟ್ಟಿದ್ದಾರೆ ಎಂಬುದನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಖಾಸಗಿ ಆಸ್ತಿಯ ಹಕ್ಕು ಮಿತಿಯಿಲ್ಲದ್ದಲ್ಲ ಎಂದು ಪೋಪ್ ಆರನೇ ಪೌಲ್ 1967ರ ವಿಶ್ವಪತ್ರದಲ್ಲಿ ಬೋಧಿಸಿದರು.

ಗ್ರಾಮಾಡಳಿತ

ಜತ್ತಿಯವರ ಆಡಳಿತದ ಇನ್ನೊಂದು ಗುರುತು 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ. ಗ್ರಾಮಕ್ಕೆ ಪಂಚಾಯತಿ, ತಾಲೂಕಿಗೆ ತಾಲೂಕು ಬೋರ್ಡು, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳನ್ನು ಅದು ರಾಜ್ಯದುದ್ದಕ್ಕೂ ಏಕರೂಪವಾಗಿ ತಂದಿತು. 1983ರ ಕಾಯಿದೆ ಮತ್ತು ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಸುಧಾರಣೆಗಳು, ಆಮೇಲೆ 1993ರ ಪಂಚಾಯತ್ ರಾಜ್ ಕಾಯಿದೆ ಇದನ್ನು ಬಹಳ ಮುಂದಕ್ಕೆ ಒಯ್ದವು. ಇಲ್ಲಿಯೂ ಜತ್ತಿಯವರು ಹಾಕಿದ್ದು ಅಡಿಪಾಯ, ಕಟ್ಟಡ ಎಬ್ಬಿಸಿದವರು ಬೇರೆಯವರು.

1962ರ ಮಾರ್ಚ್‌ನಲ್ಲಿ ಅವರು ಮುಖ್ಯಮಂತ್ರಿ ಸ್ಥಾನದಿಂದ ಇಳಿದರು. ಚುನಾವಣೆಯಲ್ಲಿ ಸೋತಿದ್ದ ಎಸ್. ನಿಜಲಿಂಗಪ್ಪನವರು ಆಗ ಶಾಸಕರಾಗಿರಲಿಲ್ಲ. ಹುನಗುಂದದ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದಾಗ, ಜೂನ್ ತಿಂಗಳಲ್ಲಿ ಕಂಠಿಯವರು ಕುರ್ಚಿಯನ್ನು ಬಿಟ್ಟುಕೊಟ್ಟರು. ಮೂರೇ ತಿಂಗಳ ಆಡಳಿತವಾದರೂ ಬಿಟ್ಟುಕೊಟ್ಟ ರೀತಿಗಾಗಿ ಆ ಸೀಮೆಯಲ್ಲಿ ಅವರನ್ನು ಗೌರವದಿಂದ ನೆನೆಯುತ್ತಾರೆ.

ದೆಹಲಿಯಲ್ಲಿ: 1974ರಿಂದ 1979

ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಹಾಗೂ ಒರಿಸ್ಸಾದ ರಾಜ್ಯಪಾಲರಾಗಿ ಕೆಲಸ ಮಾಡಿದ ಬಳಿಕ ಜತ್ತಿಯವರು 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾಗಿ ಆಯ್ಕೆಯಾದರು. ಎದುರಾಳಿ ಎನ್. ಇ. ಹೋರೊ ಅವರಿಗೆ 141 ಮತಗಳು, ಜತ್ತಿಯವರಿಗೆ 521 ಮತಗಳು ಬಂದವು.

ಮುಂದಿನ ವರ್ಷವೇ ತುರ್ತು ಪರಿಸ್ಥಿತಿ ಬಂದಿತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯಂತೆ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ. ಆ ದಿನಗಳಲ್ಲಿ ರಾಜ್ಯಸಭೆಯ ಸಭಾಪತಿಯಾಗಿದ್ದ ಜತ್ತಿಯವರು ಬಹಿರಂಗವಾಗಿ ವಿರೋಧಿಸಿದವರ ಸಾಲಿನಲ್ಲಿ ಇರಲಿಲ್ಲ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿಗಳು ನಿಧನರಾದರು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಸೋತಿತು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆಯಲಾಯಿತು. 24ರಂದು ಮೊರಾರ್ಜಿ ದೇಸಾಯಿ ಅವರು ಪ್ರಧಾನಿಯಾದರು. ಜೈಲಿನಲ್ಲಿದ್ದುಕೊಂಡೇ ಮುಝಫ್ಫರ್‌ಪುರದಿಂದ ಗೆದ್ದ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಆ ಸರಕಾರದಲ್ಲಿ ಸಚಿವರಾದರು. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಕೇಂದ್ರದಲ್ಲಿ ಅಧಿಕಾರ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಹೋದಾಗ ರಾಷ್ಟ್ರಪತಿ ಸ್ಥಾನದ ಹೊಣೆ ಹೊತ್ತಿದ್ದವರು ಸಾವಳಗಿಯ ಜತ್ತಿಯವರು.

ಒಂದು ಸಹಿಯ ಪ್ರಶ್ನೆ

ಹೊಸ ಸರಕಾರ ಬಂದ ಮೇಲೆ ಕಠಿಣ ಪ್ರಶ್ನೆಯೊಂದು ಎದುರಾಯಿತು. ಲೋಕಸಭೆಯಲ್ಲಿ ಕಾಂಗ್ರೆಸ್ ಸೋತಿದ್ದರೂ ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಅದರ ಸರಕಾರಗಳಿದ್ದವು. ಅಲ್ಲಿನ ವಿಧಾನಸಭೆಗಳನ್ನು ವಿಸರ್ಜಿಸಿ ಹೊಸದಾಗಿ ಜನಾಭಿಪ್ರಾಯ ಪಡೆಯುವಂತೆ ಗೃಹ ಸಚಿವ ಚರಣ್ ಸಿಂಗ್ ಅವರು ಏಪ್ರಿಲ್ 18ರಂದು ಆ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆರು ರಾಜ್ಯಗಳು ಸುಪ್ರೀಂ ಕೋರ್ಟಿನ ಮೊರೆ ಹೋದವು. ಏಳು ನ್ಯಾಯಾಧೀಶರ ಪೀಠ ಏಪ್ರಿಲ್ 29ರಂದು ಆ ದಾವೆಗಳನ್ನು ವಜಾ ಮಾಡಿತು.

ಸಂಪುಟದ ಸಲಹೆ ಹಂಗಾಮಿ ರಾಷ್ಟ್ರಪತಿಗಳ ಮುಂದೆ ಬಂದಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಜನರು ಆರಿಸಿದ ವಿಧಾನಸಭೆಗಳನ್ನು, ಕೇಂದ್ರದಲ್ಲಿ ಬೇರೆ ಪಕ್ಷ ಗೆದ್ದ ಕಾರಣಕ್ಕೆ ವಿಸರ್ಜಿಸಬಹುದೇ? ಇನ್ನೊಂದು ಕಡೆ, 1976ರ 42ನೇ ತಿದ್ದುಪಡಿಯು ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆ ನಡೆಯಲೇಬೇಕು ಎಂದು ಸ್ಪಷ್ಟವಾಗಿ ಹೇಳಿತ್ತು. ಸರಕಾರದ ಒತ್ತಡ ಹೆಚ್ಚಿತು. ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ಒಂಬತ್ತೂ ವಿಧಾನಸಭೆಗಳು ವಿಸರ್ಜನೆಯಾದವು.

ಈ ವಿಳಂಬವನ್ನು ಅಂದು ಹಲವರು ಖಂಡಿಸಿದರು. ತಮ್ಮ ಹಳೆಯ ಪಕ್ಷವನ್ನು ಉಳಿಸಲು ಹೀಗೆ ಮಾಡಿದರು ಎಂದರು. ಸಂವಿಧಾನದ ದೃಷ್ಟಿಯಿಂದ ಅವರ ಸಂಶಯ ಸಹಜವಾದದ್ದು ಎಂದವರೂ ಇದ್ದಾರೆ. 1975ರಲ್ಲಿ ಮೌನವಾಗಿದ್ದವರು 1977ರಲ್ಲಿ ಹಿಂಜರಿದದ್ದು ಏಕೆ ಎಂಬ ಪ್ರಶ್ನೆಯನ್ನು ಚರಿತ್ರೆ ಕೇಳುತ್ತಲೇ ಇರುತ್ತದೆ. ಆದರೆ ಆ ಒಂದು ದಿನ ಎತ್ತಿದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ.

ಪ್ರಶ್ನೆಗೆ ಬಂದ ಉತ್ತರಗಳು

1978ರ 44ನೇ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. ಜತ್ತಿಯವರಿಗೆ ಈ ದಾರಿ ಇರಲಿಲ್ಲ.

1980ರಲ್ಲಿ ಅಧಿಕಾರಕ್ಕೆ ಮರಳಿದ ಇಂದಿರಾ ಗಾಂಧಿ ಸರಕಾರ 1977ರ ಮಾದರಿಯನ್ನೇ ಹಿಡಿದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಒಬ್ಬರು ತೆರೆದ ಬಾಗಿಲನ್ನು ಇನ್ನೊಬ್ಬರು ಬಳಸಿಕೊಂಡರು.

1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್. ಆರ್. ಬೊಮ್ಮಾಯಿ ಸರಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸಲು ಅವರು ಕೇಳಿದ ಅವಕಾಶ ಸಿಗಲಿಲ್ಲ. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ನೀಡಿತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು.

ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದ ಮತ್ತು 1998ರಲ್ಲಿ ಬಿಹಾರದ ವಿಷಯದಲ್ಲಿ ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಕಳುಹಿಸಿದರು. ಜತ್ತಿಯವರು ಒಂದು ದಿನ ಕೈಯಲ್ಲಿ ಹಿಡಿದು ಕುಳಿತ ಪ್ರಶ್ನೆಗೆ ಹೀಗೆ ಸುಮಾರು 20 ವರ್ಷಗಳಲ್ಲಿ ಕಾನೂನಿನಲ್ಲೇ ಒಂದು ದಾರಿ ಸಿಕ್ಕಿತು.

ಕೂಡಲಸಂಗಮದ ನಂಟು

ಅಮೀನಗಡಕ್ಕೆ ದೂರವಲ್ಲದ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಜತ್ತಿಯವರು ಶರಣ ಪರಂಪರೆಯಲ್ಲಿ ಶ್ರದ್ಧೆಯುಳ್ಳವರು. 1964ರಲ್ಲಿ ಆರಂಭವಾದ ಬಸವ ಸಮಿತಿಯ ಸ್ಥಾಪಕ ಅಧ್ಯಕ್ಷರು ಅವರೇ. ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಒಯ್ಯುವ ದೊಡ್ಡ ಕೆಲಸವನ್ನು ಆ ಸಮಿತಿ ಮುಂದೆ ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಮಾಡಿತು. ಅಧಿಕಾರದಿಂದ ಇಳಿದ ಮೇಲೆಯೂ ಜತ್ತಿಯವರನ್ನು ಜನ ಈ ಕೆಲಸದಿಂದ ಗುರುತಿಸಿದರು. 2002ರ ಜೂನ್ 7ರಂದು ಅವರು ನಿಧನರಾದರು.

ನಮಗೆ ಇದರಿಂದ ಏನು?

ಜತ್ತಿಯವರನ್ನು ವೀರರನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಅವರ ಭೂಕಾಯಿದೆ ಅಪೂರ್ಣವಾಗಿತ್ತು. 1975ರಲ್ಲಿ ಅವರು ಸುಮ್ಮನಿದ್ದರು. 1977ರಲ್ಲಿ ಕೊನೆಗೆ ಸಹಿ ಹಾಕಿದರು. ಆದರೂ ಆರಂಭಿಸಿದ ಒಳ್ಳೆಯ ಕೆಲಸ ತನ್ನ ಕಾಲದಲ್ಲಿ ಮುಗಿಯದಿದ್ದರೂ ಅದು ವ್ಯರ್ಥವಲ್ಲ ಎಂಬುದಕ್ಕೆ ಅವರ ಜೀವನ ಸಾಕ್ಷಿ. ಒಬ್ಬರು ಬಿತ್ತುತ್ತಾರೆ, ಇನ್ನೊಬ್ಬರು ಕೊಯ್ಯುತ್ತಾರೆ ಎಂಬ ಶುಭಸಂದೇಶದ ಮಾತು ರಾಜಕೀಯಕ್ಕೂ ಅನ್ವಯಿಸುತ್ತದೆ.

ಪೋಪ್ ಎರಡನೇ ಜಾನ್ ಪೌಲ್ ಅವರು 2000ನೇ ಇಸವಿಯಲ್ಲಿ ಸಂತ ಥಾಮಸ್ ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ರಾಜ ಕೇಳಿದ ಪ್ರಮಾಣವನ್ನು ಆತ್ಮಸಾಕ್ಷಿಗೆ ವಿರುದ್ಧವೆಂದು ನಿರಾಕರಿಸಿ ಪ್ರಾಣ ಕೊಟ್ಟವರು ಅವರು. ಎಲ್ಲರಿಗೂ ಅಂಥ ಧೈರ್ಯ ಇರುವುದಿಲ್ಲ. ಆದರೆ ಸಹಿ ಹಾಕುವ ಮುನ್ನ ಒಮ್ಮೆ ನಿಂತು ಯೋಚಿಸಲು ಎಲ್ಲರಿಗೂ ಸಾಧ್ಯ.

ಪಂಚಾಯತಿ ಸದಸ್ಯರಿಗೆ, ಸಹಕಾರಿ ಸಂಘದ ನಿರ್ದೇಶಕರಿಗೆ, ಚರ್ಚ್ ಪಾಲನಾ ಮಂಡಳಿಯ ಪದಾಧಿಕಾರಿಗಳಿಗೆ, ವಾಳೆಯ ಗುರಿಕಾರರಿಗೆ, ಧರ್ಮಗುರುಗಳಾದ ನಮಗೂ ಈ ಮಾತು ಸಲ್ಲುತ್ತದೆ. ನಮ್ಮ ಮುಂದೆ ಬರುವ ಕಾಗದ ಚಿಕ್ಕದಿರಬಹುದು: ಒಂದು ಠರಾವು, ಒಂದು ಲೆಕ್ಕಪತ್ರ, ಒಬ್ಬ ಕೆಲಸಗಾರನನ್ನು ತೆಗೆದುಹಾಕುವ ತೀರ್ಮಾನ. ಅದು ಯಾರ ಬದುಕನ್ನು ಮುಟ್ಟುತ್ತದೆ ಎಂದು ಕೇಳಿಕೊಂಡ ಮೇಲೆಯೇ ಪೆನ್ನು ಹಿಡಿಯೋಣ.